ಮಡಕೆ, ಮಂಚ, ತೆಂಗಿನಕಾಯಿ

ತುಮಕೂರಿನಿಂದ ತಿಪಟೂರಿಗೆ ಹೋಗುವ ಹೆದ್ದಾರಿಯಲ್ಲಿ ಕಿಬ್ಬನಹಳ್ಳಿಯ ಕೂಡುರಸ್ತೆಯೊಂದುಂಟು. ಅಲ್ಲಿಂದ ಬಡಗಲಿಗೆ ಹೊರಟರೆ ಚಿಕ್ಕನಾಯಕನಹಳ್ಳಿ, ತೆಂಕಲಿಗೆ ಹೊರಟರೆ ತುರುವೇಕೆರೆ. ಯಾವ ದಿಕ್ಕಿಗೆ ಕಣ್ಣು ಹಾಯಿಸಿದರೂ ತೆಂಗಿನ ತೋಟಗಳೇ. ಈ ಸೀಮೆಯ ಹುಡುಗನು ಅಕ್ಷರಾಭ್ಯಾಸಕ್ಕೆ ಮುಂಚೆಯೇ ಒಂದು ವಸ್ತುವು ಮತ್ತೊಂದಾಗುವ ಪರಿಯನ್ನು ಕಣ್ಣಾರೆ ಕಂಡಿರುತ್ತಾನೆ. ಹೊಂಬಾಳೆ ಬಿರಿಯುವುದು, ಹೀಚು ಕಟ್ಟುವುದು, ಹೀಚು ಎಳನೀರಾಗುವುದು, ಎಳನೀರಿನ ಗಂಜಿ ಗಟ್ಟಿಯಾಗಿ ಕಾಯಿ ಬಲಿಯುವುದು, ಬಲಿತ ಕಾಯಿ ಅಟ್ಟವೇರಿ ಒಣಗಿ ಕೊಬ್ಬರಿಯಾಗುವುದು, ಇಷ್ಟನ್ನೂ ಅವನಿಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ. ಪರಿಣಾಮವೆಂದರೇನು, ಕಾರಣವೆಂದರೇನು, ಉದ್ದೇಶವೆಂದರೇನು ಎಂಬ ವಿಚಾರಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯನ್ನು ಎಲ್ಲಿ ಹುಡುಕಬೇಕು?

ಆದರೂ ಕಾರ್ಯಕಾರಣದ ಪಾಠ ಬಂದೊಡನೆ ಬೋಧಕರು ತೋಟದ ಕಡೆಗೆ ಬೆನ್ನು ಮಾಡಿ ಒಂದು ಮಡಕೆಯನ್ನು ತಂದಿಡುತ್ತಾರೆ. ಮಣ್ಣು ಉಪಾದಾನಕಾರಣ, ಕುಂಬಾರನು ನಿಮಿತ್ತಕಾರಣ, ತಿಗರಿಯೂ ದಂಡವೂ ಸಹಕಾರಿಗಳು, ನೀರು ತುಂಬುವುದು ಪ್ರಯೋಜನ. ಬೋಧಕರು ಪಾಶ್ಚಾತ್ಯ ಗ್ರಂಥಗಳನ್ನು ಒಂದಿಷ್ಟು ತಿರುವಿದವರಾದರೆ ಮತ್ತೊಂದು ಮಾತು ಸೇರುತ್ತದೆ: ಯವನರ ಅರಿಸ್ಟಾಟಲನು ಹೇಳಿದ ನಾಲ್ಕು ಕಾರಣಗಳೆಂದರೆ ಇವೇ, ಇವೆಲ್ಲ ನಮ್ಮಲ್ಲಿ ಮೊದಲೇ ಇದ್ದವು. ಸಭಿಕರು ಚಪ್ಪಾಳೆ ತಟ್ಟುತ್ತಾರೆ, ವಂದನಾರ್ಪಣೆಯಾಗುತ್ತದೆ, ಎಲ್ಲರೂ ಸಂತೋಷದಿಂದ ಮನೆಗೆ ಹೋಗುತ್ತಾರೆ.

ಈ ಉಪನ್ಯಾಸದಲ್ಲಿ ಎರಡು ತಪ್ಪುಗಳಿವೆ. ಅರಿಸ್ಟಾಟಲನ ಮತ ಇದಲ್ಲ ಎಂಬುದು ಒಂದು. ಅದು ವಿದ್ವಾಂಸರ ಜಗಳವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಮಡಕೆಯಿಂದ ಕಾರಣವಿಚಾರವನ್ನು ಕಲಿತವನು ಕಾಲಕ್ರಮದಲ್ಲಿ ಗಿಡವನ್ನೂ ದನವನ್ನೂ ಕಡೆಗೆ ಮನುಷ್ಯನನ್ನೂ ಮಡಕೆಯೆಂದೇ ಕಾಣತೊಡಗುತ್ತಾನೆ. ಈ ಎರಡನೆಯ ತಪ್ಪು ಮನೆಮನೆಯ ನಡವಳಿಕೆಯನ್ನು ಮುಟ್ಟುವಂಥದು. ಅದನ್ನು ಸುಮ್ಮನೆ ಬಿಡತಕ್ಕದ್ದಲ್ಲ.

ಮೊದಲು ಯವನರ ಮಾತನ್ನೇ ನೋಡಬಹುದು. ಕ್ರಿಸ್ತಪೂರ್ವ ಐದನೆಯ ಶತಮಾನದ ಪಾರ್ಮೆನಿಡೀಸನು ಪರಿಣಾಮವೆಂಬುದೇ ಅಸಾಧ್ಯವೆಂದನು. ಇಲ್ಲದ್ದರಿಂದ ಇರುವುದು ಹುಟ್ಟಲಾರದು; ಇರುವುದು ಹುಟ್ಟಬೇಕಾದ್ದೇ ಇಲ್ಲ; ಆದ್ದರಿಂದ ಹುಟ್ಟು ಸಾವುಗಳೆಲ್ಲ ಬರಿಯ ಹೆಸರು. ಹೆರಾಕ್ಲಿಟಸನು ಇದಕ್ಕೆ ವಿರುದ್ಧವಾಗಿ, ಹೊಳೆಯ ನೀರಿನಂತೆ ಎಲ್ಲವೂ ಹರಿಯುತ್ತಲೇ ಇದೆಯೆಂದನು. ಎಂಪೆಡೊಕ್ಲೀಸನು ನೆಲ, ನೀರು, ಬೆಂಕಿ, ಗಾಳಿ ಎಂಬ ನಾಲ್ಕು ಮೂಲಗಳನ್ನಿಟ್ಟು, ರಾಗದ್ವೇಷಗಳು ಅವನ್ನು ಕೂಡಿಸಿ ಅಗಲಿಸುತ್ತವೆಯೆಂದನು. ಅನಾಕ್ಸಾಗೊರಸನು ಬುದ್ಧಿಯೇ ಜಗತ್ತನ್ನು ಅಣಿಗೊಳಿಸಿತೆಂದನು. ಈ ಕೊನೆಯ ಮಾತನ್ನು ಕೇಳಿ ಸಾಕ್ರೆಟೀಸನು ಬಹು ಆಸೆಯಿಂದ ಆತನ ಗ್ರಂಥವನ್ನೋದಿ ನಿರಾಶನಾದನೆಂದು ಪ್ಲೇಟೋವಿನ ‘ಫೀಡೋ’ ಸಂವಾದದಲ್ಲಿದೆ. ಕ್ರಿಸ್ತಪೂರ್ವ 399ರಲ್ಲಿ ಸಾಕ್ರೆಟೀಸನು ಸೆರೆಮನೆಯಲ್ಲಿ ಕುಳಿತಿದ್ದುದೇಕೆ? ಅವನಿಗೆ ಮೂಳೆಗಳೂ ನರಗಳೂ ಇದ್ದು ಅವು ಮಡಿಸಿಕೊಂಡುದರಿಂದ ಕುಳಿತನೆಂದರೆ ಅದು ಸುಳ್ಳಲ್ಲ. ಆದರೆ ಕೇಳಿದ್ದಕ್ಕೆ ಉತ್ತರವೂ ಅಲ್ಲ. ಅಥೆನ್ಸಿನವರು ಶಿಕ್ಷೆ ವಿಧಿಸಿದರು, ತಪ್ಪಿಸಿಕೊಂಡು ಓಡುವುದಕ್ಕಿಂತ ಅದಕ್ಕೆ ತಲೆಬಾಗುವುದು ಮೇಲೆಂದು ಅವನಿಗೆ ತೋರಿತು, ಅದರಿಂದ ಕುಳಿತನು. ಯಾವುದಿಲ್ಲದೆ ಕಾರ್ಯ ನಡೆಯದೋ ಅದು ಬೇರೆ, ಯಾವುದಕ್ಕಾಗಿ ನಡೆಯುತ್ತದೆಯೋ ಅದು ಬೇರೆ ಎಂಬ ವಿವೇಕ ಇಲ್ಲಿ ಹುಟ್ಟಿತು.

ಆದರೆ ಪ್ಲೇಟೋ ಮುಂದೆ ‘ಟಿಮೇಯಸ್’ ಎಂಬ ಗ್ರಂಥದಲ್ಲಿ ಜಗತ್ತಿಗೆ ಒಬ್ಬ ಕುಶಲಕರ್ಮಿಯನ್ನು ಕಲ್ಪಿಸಿದನು. ಅವನು ಮಾದರಿಯನ್ನು ಕಣ್ಣೆದುರಿಗಿಟ್ಟುಕೊಂಡು ಕೆಲಸ ಮಾಡುವ ಶಿಲ್ಪಿ, ಎಂದರೆ ದೊಡ್ಡ ಕುಂಬಾರ. ಮಡಕೆಯ ಮೋಹ ಒಂದು ದೇಶದ್ದಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಪ್ಲೇಟೋವಿನ ಶಿಷ್ಯನಾದ ಅರಿಸ್ಟಾಟಲನು (ಕ್ರಿ. ಪೂ. 384–322) ಈ ದಾರಿಯನ್ನು ಬಿಟ್ಟನು. ಅವನು ವೈದ್ಯನ ಮಗ; ಮೀನುಗಳನ್ನು ಕೊಯ್ದು ನೋಡಿದವನು; ಕೋಳಿಯ ಮೊಟ್ಟೆಗಳನ್ನು ದಿನಕ್ಕೊಂದರಂತೆ ಒಡೆದು ಒಳಗಿನ ಮರಿ ಬೆಳೆಯುವ ಬಗೆಯನ್ನು ವರ್ಣಿಸಿದವನು. ‘ಕಾರಣ’ಕ್ಕೆ ಅವನು ಬಳಸುವ ‘ಐಟಿಯಾ’ ಎಂಬ ಶಬ್ದವು ನ್ಯಾಯಾಲಯದ ನಂಟಿನದು. ಯಾವುದನ್ನು ಹೊಣೆ ಮಾಡಬೇಕೆಂಬುದು ಅದರ ಧ್ವನಿ. ‘ಕಾರಣ’ವೆಂಬ ಸಂಸ್ಕೃತ ಶಬ್ದವಾದರೋ ಮಾಡುವುದೆಂಬ ಧಾತುವಿನಿಂದ ಬಂದು, ಹೇಳುತ್ತಲೇ ಮಾಡುವವನೊಬ್ಬನನ್ನು ಮನಸ್ಸಿಗೆ ತರುತ್ತದೆ. ಅರಿಸ್ಟಾಟಲನ ನಾಲ್ಕನ್ನು ‘ನಾಲ್ಕು ಕಾರಣ’ಗಳೆನ್ನುವ ಬದಲು ಏಕೆಂಬ ಪ್ರಶ್ನೆಗೆ ನಾಲ್ಕು ಬಗೆಯ ಉತ್ತರಗಳೆಂದರೆ ಅರ್ಧದಷ್ಟು ಗೊಂದಲ ಕಳೆಯುತ್ತದೆ. ಏತರಿಂದ ಆಗಿದೆ, ಏನಾಗಿದೆ, ಯಾವುದು ಅದನ್ನು ಹೊರಡಿಸಿತು, ಯಾವ ಕೊನೆಗಾಗಿ?

ಅವನೂ ಕಂಚಿನ ವಿಗ್ರಹದ ದೃಷ್ಟಾಂತವನ್ನು ಕೊಡುತ್ತಾನೆ, ನಿಜ. ಆದರೆ ಅದು ಮೆಟ್ಟಿಲು ಮಾತ್ರ. ಅವನ ‘ಭೌತಶಾಸ್ತ್ರ’ದ ಎರಡನೆಯ ಪುಸ್ತಕ ತೆರೆಯುವುದೇ ಮಾಡಿದ ವಸ್ತುವಿಗೂ ಬೆಳೆದ ವಸ್ತುವಿಗೂ ಇರುವ ಭೇದವನ್ನು ಹೇಳಿ. ಬೆಳೆದದ್ದರಲ್ಲಿ ಚಲನೆಯ ಮೂಲ ಒಳಗಿದೆ, ಮಾಡಿದ್ದರಲ್ಲಿ ಹೊರಗಿದೆ. ಇದಕ್ಕೆ ಅವನು ಆಂಟಿಫಾನನಿಂದ ಒಂದು ಮಾತನ್ನು ಎತ್ತಿಕೊಳ್ಳುತ್ತಾನೆ: ಮಂಚವನ್ನು ನೆಲದಲ್ಲಿ ಹೂಳಿ, ಅದು ಕೊಳೆತು ಮೊಳಕೆಯೊಡೆಯಿತೆಂದಿಟ್ಟುಕೊಂಡರೂ ಮೇಲೆ ಬರುವುದು ಮರವೇ ಹೊರತು ಮಂಚವಲ್ಲ. ಮನುಷ್ಯನಿಂದ ಮನುಷ್ಯ ಹುಟ್ಟುತ್ತಾನೆ. ಮಂಚದಿಂದ ಮಂಚ ಹುಟ್ಟುವುದಿಲ್ಲ. ತೆಂಗಿನಮರದ ತೊಲೆಯನ್ನು ಹಾಕಿಸಿಕೊಂಡ ಮನೆಯವರು ಇದನ್ನು ಪರೀಕ್ಷಿಸಿ ನೋಡುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ.

ಈಗ ‘ನಮ್ಮಲ್ಲಿ ಮೊದಲೇ ಇತ್ತು’ ಎಂಬವರ ಕಡೆಗೆ ತಿರುಗಬೇಕು. ಸಾಂಖ್ಯಕಾರಿಕೆಯಲ್ಲಿಯೂ ಮಂಚವಿದೆ, ಗೌಡಪಾದರ ಭಾಷ್ಯದಲ್ಲಿ. ಹಲವು ಭಾಗಗಳು ಕೂಡಿ ಆದ ವಸ್ತುವೆಲ್ಲ ಪರಾರ್ಥವೆಂದು ಅಲ್ಲಿನ ವಾದ. ಕಾಲು, ಚೌಕಟ್ಟು, ಹಾಸು ಕೂಡಿ ಮಂಚವಾದದ್ದು ಮಂಚಕ್ಕಾಗಿ ಅಲ್ಲ, ಮಲಗುವವನಿಗಾಗಿ. ಹಾಗೆಯೇ ಈ ದೇಹವೂ ಕೂಡಿ ಆದದ್ದರಿಂದ ಮತ್ತೊಬ್ಬನಿಗಾಗಿಯೇ ಇರಬೇಕು. ಆ ಮತ್ತೊಬ್ಬನೇ ಪುರುಷ. ವಾಚಕರು ಎರಡು ಮಂಚಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಸಾಂಖ್ಯನು ಮಂಚದಂತೆಯೇ ದೇಹವೆಂದು ಸಾಧಿಸುತ್ತಾನೆ. ಅರಿಸ್ಟಾಟಲನು ದೇಹವು ಮಂಚದಂತಲ್ಲವೆಂದು ಸಾಧಿಸುತ್ತಾನೆ. ದೃಷ್ಟಾಂತ ಒಂದೇ, ಸಿದ್ಧಾಂತ ಎದುರುಬದುರು. ಇವೆರಡೂ ಒಂದೇ ಎಂದು ಸಭೆಯಲ್ಲಿ ಹೇಳುವವರು ಯಾವ ಮಂಚದ ಮೇಲೆ ಮಲಗಿ ಓದಿದರೋ!

ಇದರಿಂದ ಭಾರತೀಯ ಚಿಂತನೆಗೆ ಕೊರತೆ ಹೇಳಿದಂತಾಗಲಿಲ್ಲ. ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿದೆಯೆಂಬ ಸಾಂಖ್ಯರ ಸತ್ಕಾರ್ಯವಾದವೂ, ಇಲ್ಲದ್ದು ಹೊಸದಾಗಿ ಹುಟ್ಟುತ್ತದೆಯೆಂಬ ನೈಯಾಯಿಕರ ವಾದವೂ ಪಾರ್ಮೆನಿಡೀಸನ ಅದೇ ಒಗಟಿನೊಡನೆ ಹೆಣಗಿದವು. ಕಾಯಿಯಲ್ಲಿ ತೆಂಗಿನಮರ ಇದೆಯೆ ಇಲ್ಲವೆ? ಇದೆಯೆಂದರೆ ಅಷ್ಟು ವರ್ಷ ಕಾಯುವುದೇಕೆ. ಇಲ್ಲವೆಂದರೆ ಕಲ್ಲಿನಿಂದೇಕೆ ಮೊಳೆಯದು? ಅರಿಸ್ಟಾಟಲನ ಉತ್ತರ ಮೂರನೆಯದು. ಮರವು ಕಾಯಿಯಲ್ಲಿ ಸಾಮರ್ಥ್ಯರೂಪದಲ್ಲಿದೆ. ಆ ಸಾಮರ್ಥ್ಯವು ಸಾಮರ್ಥ್ಯವಾಗಿಯೇ ಕೆಲಸಕ್ಕೆ ತೊಡಗಿರುವ ಅವಸ್ಥೆಗೆ ಪರಿಣಾಮವೆಂದು ಹೆಸರು. ಮೂರು ಕಣ್ಣುಗಳಲ್ಲಿ ಮೆದುವಾದ ಒಂದನ್ನು ತಳ್ಳಿಕೊಂಡು ಮೊಳಕೆ ಹೊರಬರುತ್ತಿರುವ ಕಾಯಿಯೇ ಈ ಲಕ್ಷಣಕ್ಕೆ ಲಕ್ಷ್ಯ. ಸುಮ್ಮನೆ ಬಿದ್ದಿರುವ ಕಾಯಿಯೂ ಅಲ್ಲ, ಬೆಳೆದು ನಿಂತ ಮರವೂ ಅಲ್ಲ.

ಬೀಜದ ದೃಷ್ಟಾಂತವು ಇಲ್ಲಿಯವರಿಗೆ ಅಪರಿಚಿತವೂ ಅಲ್ಲ. ಛಾಂದೋಗ್ಯದಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿನಿಂದ ಆಲದ ಹಣ್ಣನ್ನು ತರಿಸಿ, ಒಡೆಯಿಸಿ, ಒಳಗಿನ ಕಾಳನ್ನೂ ಸೀಳಿಸಿ, ಏನು ಕಾಣುತ್ತದೆಂದು ಕೇಳುತ್ತಾನೆ. ಏನೂ ಇಲ್ಲವೆಂಬ ಉತ್ತರಕ್ಕೆ, ಆ ಕಾಣದ ಸೂಕ್ಷ್ಮದಿಂದಲೇ ಈ ಮಹಾವೃಕ್ಷ ನಿಂತಿದೆಯೆನ್ನುತ್ತಾನೆ. ಅದೇ ಅಧ್ಯಾಯದ ಮೊದಲಿನಲ್ಲಿ ಮಣ್ಣಿನ ಮುದ್ದೆಯ ದೃಷ್ಟಾಂತವೂ ಇದೆ. ಪಾಠದ ಪುಸ್ತಕಗಳು ಮಣ್ಣನ್ನು ಉಳಿಸಿಕೊಂಡು ಆಲದ ಬೀಜವನ್ನು ಎಸೆದವು. ಹೀಗೆಯೇ ಸಾಂಖ್ಯರ ಇನ್ನೊಂದು ದೃಷ್ಟಾಂತವೂ ಮರೆಗೆ ಸರಿಯಿತು. ಅರಿವಿಲ್ಲದ ಹಾಲು ಕರುವಿನ ಬೆಳವಣಿಗೆಗಾಗಿ ಸುರಿಯುವಂತೆ ಅಚೇತನವಾದ ಪ್ರಕೃತಿಯೂ ಒಂದು ಉದ್ದೇಶಕ್ಕಾಗಿ ಪ್ರವರ್ತಿಸುತ್ತದೆಯೆಂದು ಅವರು ಹೇಳಿದರು. ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಇದನ್ನು ಒಪ್ಪಲಿಲ್ಲ: ಹಸುವಿಗೆ ಕರುವಿನ ಮೇಲೆ ಪ್ರೀತಿಯುಂಟು, ಕರುವು ಚೀಪುತ್ತದೆ, ಆದ್ದರಿಂದ ಹಾಲು ಸುರಿಯುತ್ತದೆ, ಚೇತನವಿಲ್ಲದೆ ಉದ್ದೇಶವಿಲ್ಲ. ಅರಿಸ್ಟಾಟಲನು ಈ ಜಗಳದಲ್ಲಿದ್ದಿದ್ದರೆ ಅಷ್ಟರಮಟ್ಟಿಗೆ ಸಾಂಖ್ಯರ ಪಕ್ಷವನ್ನು ಹಿಡಿಯುತ್ತಿದ್ದನು. ಜೇಡವು ಬಲೆ ನೇಯುವುದಕ್ಕೂ ಗಿಡವು ಹಣ್ಣಿಗೆ ನೆರಳಾಗಿ ಎಲೆ ಬಿಡುವುದಕ್ಕೂ ಆಲೋಚನೆ ಬೇಕಿಲ್ಲ. ಕೊನೆಯೊಂದಿದ್ದರೆ ಸಾಕೆಂಬುದು ಅವನ ಮತ. ಇಂಥ ಜೀವಂತವಾದ ವಿವಾದವನ್ನು ಬಿಟ್ಟು ಬರಿಯ ಸಮೀಕರಣದಿಂದ ತೃಪ್ತಿಪಡುವುದು ಎರಡು ಪರಂಪರೆಗಳಿಗೂ ಅನ್ಯಾಯ.

ಯವನರನ್ನು ಕನ್ನಡಕ್ಕೆ ಬರಮಾಡಿಕೊಳ್ಳುವ ಸರಿಯಾದ ರೀತಿ ಈ ಸೀಮೆಗೆ ತಿಳಿಯದ್ದಲ್ಲ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು (1884–1946) ಸೊಫೊಕ್ಲೀಸನ ಅಜಾಕ್ಸನನ್ನು ‘ಅಶ್ವತ್ಥಾಮನ್’ ಆಗಿ ಮಾಡಿದಾಗ, ರುದ್ರನಾಟಕ ನಮ್ಮಲ್ಲಿ ಮೊದಲೇ ಇತ್ತೆಂದು ಹೇಳಲಿಲ್ಲ. ಇಲ್ಲದ್ದು ಬರಬೇಕೆಂದು ತಂದರು. ಕಥೆಯನ್ನು ಭಾರತದಿಂದ ತೆಗೆದುಕೊಂಡರು. ಯವನರ ದುರಂತವನ್ನು ದುರಂತವಾಗಿಯೇ ಉಳಿಸಿದರು. ನಾಟಕಕ್ಕೆ ಸಂದ ಈ ಪ್ರಾಮಾಣಿಕತೆ ತತ್ತ್ವಶಾಸ್ತ್ರಕ್ಕೂ ಸಲ್ಲಬೇಡವೆ?

ಅದಂತಿರಲಿ. ಮಡಕೆಯ ಪಾಠದಿಂದಾಗುವ ಹಾನಿಯೇನು? ಮಡಕೆಯ ಉದ್ದೇಶ ಮಡಕೆಯಲ್ಲಿಲ್ಲ, ನೀರು ತರುವವಳಲ್ಲಿದೆ. ‘ಪ್ರಯೋಜನ’ವೆಂಬ ಒಂದೇ ಮಾತು ವಸ್ತುವಿನ ಸ್ವಂತ ಕೊನೆಯನ್ನೂ ಅದರಿಂದ ಇತರರಿಗಾಗುವ ಉಪಯೋಗವನ್ನೂ ಒಟ್ಟಿಗೆ ಹೊತ್ತುಕೊಂಡು, ಕೇಳುವವನಿಗೆ ಎರಡನೆಯದನ್ನೇ ದಾಟಿಸುತ್ತದೆ. ಅರಿಸ್ಟಾಟಲನು ಇದಕ್ಕೆಂದೇ ‘ಎಂಟೆಲೆಖೆಯಾ’ ಎಂಬ ಶಬ್ದವನ್ನು ಕಟ್ಟಬೇಕಾಯಿತು. ಕೊನೆಯನ್ನು ತನ್ನಲ್ಲಿಯೇ ಪಡೆದಿರುವಿಕೆ ಎಂದು ಅದರ ಸ್ಥೂಲಾರ್ಥ. ತೆಂಗಿನಕಾಯಿಯ ಕೊನೆ ಯಾವುದೆಂದು ಕೇಳಿದರೆ ಈ ಸೀಮೆಯಲ್ಲಿ ಥಟ್ಟನೆ ಬರುವ ಉತ್ತರ ಕೊಬ್ಬರಿ. ಮರದ ಕಡೆಯಿಂದ ನೋಡಿದರೆ ಉತ್ತರ ಬೇರೆ, ಇನ್ನೊಂದು ತೆಂಗಿನಮರ.

ಸಿಪ್ಪೆಯನ್ನೇ ತೆಗೆದುಕೊಳ್ಳಬಹುದು. ಅದೇಕೆ ಅಷ್ಟು ದಪ್ಪವಾಗಿದೆ? ನಾರಿಗಾಗಿ, ಹಗ್ಗಕ್ಕಾಗಿ ಎಂದು ಹೇಳುವರು. ಆ ಸಿಪ್ಪೆಯಿಂದ ಕಾಯಿ ಕಡಲಿನಲ್ಲಿ ತೇಲಿ, ಮುಳುಗದೆ ದೂರದ ದಡವನ್ನು ಸೇರಿ ಅಲ್ಲಿ ಮೊಳೆಯಬಲ್ಲದು. ಕಡಲನ್ನೇ ಕಾಣದ ಬಯಲುಸೀಮೆಯ ತೋಟದಲ್ಲಿ ಪ್ರತಿಯೊಂದು ಕಾಯಿಯೂ ಸಮುದ್ರಪ್ರಯಾಣದ ಉಡುಪನ್ನು ತೊಟ್ಟು ತೂಗುತ್ತಿದೆ! ಮನುಷ್ಯನೂ ಆ ಉಡುಪಿಗೆ ಕೈಹಾಕದೆ ಇಲ್ಲ. ತೆಂಗನ್ನು ಒಂದು ಬಾರಿ ಶಾಂತಸಾಗರದ ಕಡೆ, ಮತ್ತೊಂದು ಬಾರಿ ಹಿಂದೂಸಾಗರದ ಕಡೆ, ಬೇರೆಬೇರೆಯಾಗಿ ಜನರು ಪಳಗಿಸಿದರೆಂದು 2011ರಲ್ಲಿ ಪ್ರಕಟವಾದ ವಂಶವಾಹಿಗಳ ಸಂಶೋಧನೆಯೊಂದು ತೋರಿಸಿತು. ಒಳ್ಳೆಯ ತಾಯಿಮರದ ಕಾಯನ್ನು ಆರಿಸಿ ನೆಟ್ಟ ತಲೆತಲಾಂತರದ ರೈತರ ಇಷ್ಟವು ಕಾಯಿಯ ರೂಪದಲ್ಲಿ ಸೇರಿಕೊಂಡಿದೆ. ಹಾಗೆ ಸೇರಲು ಸಾಧ್ಯವಾದುದೂ ಮರವು ತನ್ನಂಥ ಮರವನ್ನು ಹುಟ್ಟಿಸುವುದರಿಂದಲೇ. ಕುಂಬಾರನು ಎಷ್ಟು ಒಳ್ಳೆಯ ಮಡಕೆಯನ್ನು ಆರಿಸಿ ಹೂಳಿದರೂ ಮರಿಮಡಕೆಗಳು ಬರುವುದಿಲ್ಲ.

ಅಂದಹಾಗೆ ಅರಿಸ್ಟಾಟಲನ ಗ್ರಂಥಗಳಲ್ಲಿ ತೆಂಗಿನ ಸುದ್ದಿಯಿಲ್ಲ. ಕ್ರಿಸ್ತಶಕ ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕಾಸ್ಮಾಸ್ ಎಂಬ ವರ್ತಕನು ಇದನ್ನು ‘ಅರ್ಗೆಲ್ಲಿಯ’ವೆಂದು ಗ್ರೀಕಿನಲ್ಲಿ ಬರೆದಿಟ್ಟನು, ನಾರಿಕೇಳವೇ ಆ ವೇಷದಲ್ಲಿದೆ. ಕಾಯಿಯನ್ನು ಕಾಣದೆ ಅದರ ತತ್ತ್ವವನ್ನು ಹೇಳಿದವನ ಮುಂದೆ, ದಿನವೂ ಕಾಯಿ ಒಡೆಯುವವರು ಮಡಕೆಯನ್ನು ಹಿಡಿದು ನಿಲ್ಲುವುದು ವಿಚಿತ್ರವಲ್ಲವೆ?

‘ಕಲ್ಪತರು’ವೆಂಬ ಬಿರುದೂ ಈ ಭ್ರಮೆಗೆ ನೀರೆರೆಯಿತು. ಇಂದ್ರಲೋಕದ ಆ ಮರವು ಬೇಡಿದ ಕ್ಷಣವೇ ಕೊಡುತ್ತದೆ. ಅದಕ್ಕೆ ಕಾಲವಿಲ್ಲ, ಗೊಬ್ಬರವಿಲ್ಲ, ಕಾಯಿಲೆಯಿಲ್ಲ. ಅದು ಕಾರಣವಿಲ್ಲದ ಕಾರ್ಯ. ತಿಪಟೂರಿನ ನೆಲದ ಮರವಾದರೋ ಫಲಕ್ಕೆ ಬರಲು ಹಲವು ವರ್ಷ, ಹೊಂಬಾಳೆಯಿಂದ ಕಾಯಿ ಬಲಿಯಲು ಸುಮಾರು 12 ತಿಂಗಳು, ಅಟ್ಟದ ಮೇಲೆ ಉಂಡೆ ಕೊಬ್ಬರಿಯಾಗಲು ಮತ್ತೆ ಸುಮಾರು 8ರಿಂದ 12 ತಿಂಗಳು ತೆಗೆದುಕೊಳ್ಳುತ್ತದೆ. ಪ್ರೀತಿಯ ಹೆಸರಾಗಿ ಕಲ್ಪತರು ಇರಲಿ. ಸಿದ್ಧಾಂತವಾಗಿ ಅದು ಕೆಟ್ಟದ್ದು. ಏನು ಕೊಡುತ್ತದೆಯೆಂದು ಮಾತ್ರ ಕೇಳುವುದನ್ನು ಅದು ಕಲಿಸಿತು. 1998ರಲ್ಲಿ ಕೇರಳದಲ್ಲಿ ಕಂಡುಬಂದ ನುಸಿ ಮುಂದೆ ಕರ್ನಾಟಕದ ತೋಟಗಳಿಗೂ ಹಬ್ಬಿತು. ತೊಟ್ಟಿನ ಎಸಳುಗಳ ಅಡಿಯಲ್ಲಿ ಕುಳಿತು ಎಳೆಯ ಕಾಯಿಯ ರಸ ಹೀರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಅದು. ಕಾಯಿಗಳು ಬಿರುಕುಬಿಟ್ಟು, ಚಿಕ್ಕವಾಗಿ ಉದುರಿದಾಗ ಎಲ್ಲರೂ ಮರಕ್ಕೆ ರೋಗವೆಂದರು. ಆ ಮಾತೇ ಮಡಕೆಯ ಪಾಠವನ್ನು ಸುಳ್ಳು ಮಾಡಿತು. ಮಡಕೆ ಒಡೆಯುತ್ತದೆ, ಮಡಕೆಗೆ ಜ್ವರ ಬರುವುದಿಲ್ಲ. ತನ್ನದೇ ಆದ ಒಳಿತು ಯಾವುದಕ್ಕಿದೆಯೋ ಅದಕ್ಕೆ ಮಾತ್ರ ಕಾಯಿಲೆಯುಂಟು. ತನಗೆ ತಾನೇ ಚಿಕಿತ್ಸೆ ಮಾಡಿಕೊಳ್ಳುವ ವೈದ್ಯನಿಗೆ ಪ್ರಕೃತಿಯನ್ನು ಹೋಲಿಸಿದ ಅರಿಸ್ಟಾಟಲನು ಈ ರೋಗಿಯನ್ನು ಕೂಡಲೆ ಗುರುತಿಸುತ್ತಿದ್ದನು.

ಇಲ್ಲಿ ಇಬ್ಬರು ಪ್ರತಿವಾದಿಗಳು ಏಳುವರು. ವಿಜ್ಞಾನ ಓದಿದವರೊಬ್ಬರು, ಉದ್ದೇಶದ ಮಾತನ್ನು ಹದಿನೇಳನೆಯ ಶತಮಾನದಲ್ಲಿಯೇ ಬೇಕನ್ ಮೊದಲಾದವರು ಭೌತಶಾಸ್ತ್ರದಿಂದ ಹೊರಹಾಕಿದರಲ್ಲಾ ಎನ್ನುವರು. ಕಲ್ಲು ಬೀಳುವುದಕ್ಕೆ ಉದ್ದೇಶ ಹೇಳಿದ ಅರಿಸ್ಟಾಟಲನು ತಪ್ಪಿದನೆಂಬುದು ನಿರ್ವಿವಾದ. ಆದರೆ ಜೀವಿಗಳ ವಿಷಯ ಅಷ್ಟು ಸುಲಭವಾಗಿ ಮುಗಿಯಲಿಲ್ಲ. 1859ರಲ್ಲಿ ಡಾರ್ವಿನ್ನನು ಯೋಜಕನಿಲ್ಲದೆ ಯೋಗ್ಯತೆ ಹೇಗೆ ಒದಗುತ್ತದೆಂಬುದನ್ನು ವಿವರಿಸಿದನು. ಸಿಪ್ಪೆ ತೇಲುವುದಕ್ಕಾಗಿ ಎಂಬ ಮಾತಿಗೆ ಅವನಿಂದ ಅರ್ಥ ಬಂದಿತೇ ಹೊರತು ಹೋಗಲಿಲ್ಲ. ಅವನಿಂದ ಬಿದ್ದುಹೋದವನು ಕುಂಬಾರ. ಅರಿಸ್ಟಾಟಲನೇ ಈ ಶಂಕೆಯನ್ನು ಎತ್ತಿ ನೋಡಿದ್ದನು. ಮಳೆ ಪೈರು ಬೆಳೆಯಲೆಂದು ಸುರಿಯುತ್ತದೆಯೆ, ಅಥವಾ ಆವಿ ತಣಿದು ಬೀಳಲೇಬೇಕಾದ್ದರಿಂದ ಬೀಳುತ್ತದೆಯೆ? ಕಣದಲ್ಲಿ ಒಟ್ಟಿದ ಕಾಳು ಕೊಳೆಯಲೆಂದು ಮಳೆ ಬರಲಿಲ್ಲವಷ್ಟೆ? ಎಲ್ಲ ಅಂಗಗಳೂ ಹಾಗೆಯೇ ಆಕಸ್ಮಿಕವಾಗಿ ಕೂಡಿ, ಹೊಂದಿದವು ಉಳಿದು ಹೊಂದದವು ಅಳಿದವೆಂದು ಎಂಪೆಡೊಕ್ಲೀಸನಂತೆ ಏಕೆ ಹೇಳಬಾರದು? ಅರಿಸ್ಟಾಟಲನು ಇದನ್ನು ತಳ್ಳಿಹಾಕಿದನು. ತಳ್ಳಿದ್ದು ಆತುರವಾಯಿತು, ಎತ್ತಿ ನೋಡಿದ್ದು ಅವನ ದೊಡ್ಡತನ. ರಾಗಿಯ ಒಟ್ಟಿಲಿನ ಮೇಲೆ ಅಕಾಲದ ಮಳೆ ಸುರಿಯುವುದನ್ನು ಕಂಡ ಮನೆಗಳಲ್ಲಿ ಈ ಪ್ರಶ್ನೆಗೆ ವ್ಯಾಖ್ಯಾನ ಬೇಕಾಗಿಲ್ಲ.

ಎರಡನೆಯ ಪ್ರತಿವಾದಿಯ ಮಾತು ಹೆಚ್ಚು ತೂಕದ್ದು. ಗಿಡಗಳು ಪ್ರಾಣಿಗಳಿಗಾಗಿ, ಪ್ರಾಣಿಗಳು ಮನುಷ್ಯನಿಗಾಗಿ ಎಂದು ‘ರಾಜನೀತಿ’ಯ ಮೊದಲನೆಯ ಪುಸ್ತಕದಲ್ಲಿ ಹೇಳಿದವನು ಇದೇ ಅರಿಸ್ಟಾಟಲನಲ್ಲವೆ? ಹೌದು. ಅಲ್ಲಿಗೂ ನಿಲ್ಲಲಿಲ್ಲ. ಗುಲಾಮನನ್ನು ಜೀವವಿರುವ ಉಪಕರಣವೆಂದನು; ಕೆಲವರು ಸ್ವಭಾವದಿಂದಲೇ ಮತ್ತೊಬ್ಬರ ಸೊತ್ತೆಂದನು. ಮರವು ಮಂಚವಲ್ಲವೆಂದು ಕಲಿಸಿದ ಗುರು ಮನುಷ್ಯನ ಬಳಿಗೆ ಬಂದಾಗ ಅವನನ್ನು ಮಂಚ ಮಾಡಿದನು. ತನ್ನ ಊರಿನ ಯಜಮಾನರ ಅನುಕೂಲವನ್ನು ಪ್ರಕೃತಿಯ ಹೆಸರಿನಲ್ಲಿ ಬರೆದನು. ಇದನ್ನು ಮುಚ್ಚಿಟ್ಟು ಅವನನ್ನು ಹೊಗಳುವುದು ಬೇಡ; ಇದಕ್ಕಾಗಿ ಅವನ ಇಡೀ ಶಾಸ್ತ್ರವನ್ನು ಬಿಸಾಡುವುದೂ ಬೇಡ. ಅವನ ತಪ್ಪನ್ನು ಅಳೆಯಲು ಅವನೇ ಕೊಟ್ಟ ಅಳತೆಗೋಲು ಸಾಕು.

ಅದೇ ಅಳತೆಗೋಲನ್ನು ಈ ಕಡೆಗೂ ತಿರುಗಿಸಬೇಕು. ಮನುಸ್ಮೃತಿಯು ಶೂದ್ರನಿಗೆ ವಿಧಿಸಿದುದು ಒಂದೇ ಕರ್ಮ, ಉಳಿದ ವರ್ಣಗಳ ಸೇವೆ. ‘ಪರಾರ್ಥ’ವೆಂಬ ಆ ಮಂಚದ ತರ್ಕವು ಊರಿನ ಬೀದಿಯಲ್ಲಿ ನಡೆದು ತೋರಿದ ರೂಪ ಇದು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕಾಯಿ ಸುಲಿಯುವವನನ್ನು ಕಂಡು, ಅವನ ಮಗ ಏನಾಗಬಹುದೆಂದು ಕೇಳದೆ, ಅವನು ಯಾರಿಗಾಗಿ ಎಂದು ಮಾತ್ರ ಕೇಳಿದ ಕಾಲ ಬಹು ದೀರ್ಘವಾಗಿತ್ತು. ಆ ಪ್ರಶ್ನೆ ಕೇಳಿದವರಾರೂ ದುಷ್ಟರಲ್ಲ. ಬಹುಮಂದಿ ಸಜ್ಜನರು, ಓದಿದವರು, ಕಾರ್ಯಕಾರಣದ ಪಾಠವನ್ನು ಮಡಕೆಯಿಂದ ಕಲಿತವರು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಈ ಪ್ರಶ್ನೆಯನ್ನು ಕಾನೂನಿನಿಂದ ತೆಗೆದುಹಾಕಿತು. ಮಾತಿನ ರೂಢಿಯಿಂದ ಅದನ್ನು ತೆಗೆಯುವ ಕೆಲಸ ಪಾಠ ಹೇಳುವವರದು. ಅವರು ಮಡಕೆಯನ್ನು ಹೊರಗಿಟ್ಟು ಒಂದು ಕಾಯಿಯನ್ನು ಒಳಗೆ ತಂದರೆ ಸಾಕಾಗುತ್ತಿತ್ತು.

ಕೊಬ್ಬರಿಯ ಮನೆಗಳಲ್ಲಿ ಅಟ್ಟದ ಕಾಯಿಗಳನ್ನು ಆಗಾಗ ಕಿವಿಯ ಬಳಿ ಅಲುಗಿಸಿ ನೋಡುವುದುಂಟು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಗಟಗಟನೆ ಸದ್ದು ಮಾಡಿದರೆ ಉಂಡೆ ಸಿದ್ಧವಾಯಿತೆಂದು ಅರ್ಥ. ಮರವಾಗುವ ಸಾಮರ್ಥ್ಯ ಆ ಕಾಯಿಯಲ್ಲಿ ಆರಿಹೋಗಿದೆ. ಮನೆಯವರ ಉದ್ದೇಶ ನೆರವೇರಿದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಎಷ್ಟೋ ಕಾಯಿಗಳ ನಡುವೆ ಒಂದೊಂದು ಹೀಗೆ ಒಣಗಲೊಲ್ಲದೆ ಅಟ್ಟದ ಕತ್ತಲಲ್ಲಿಯೇ ಸಿಪ್ಪೆಯನ್ನು ಸೀಳಿಕೊಂಡು ಬಿಳಿಯ ಮೊಳಕೆಯನ್ನು ಹೊರಹಾಕಿರುತ್ತದೆ. ಅದನ್ನು ‘ಕೆಟ್ಟ ಕಾಯಿ’ ಎಂದು ಬೇರೆ ತೆಗೆಯುತ್ತಾರೆ. ಮಕ್ಕಳು ಅದನ್ನು ಒಡೆದು ಒಳಗಿನ ಮೆತ್ತನೆಯ ಸಿಹಿಯನ್ನು ತಿಂದರೆ ಅಲ್ಲಿಗೆ ಮುಗಿಯಿತು. ಇಲ್ಲವಾದರೆ ಅಜ್ಜಿಯೊಬ್ಬಳು ಅದನ್ನು ಕೊಂಡೊಯ್ದು ಬಚ್ಚಲ ನೀರು ಹರಿಯುವ ಕಡೆ ಹಿತ್ತಲಿನಲ್ಲಿ ಹೂಳಿ ಬರುತ್ತಾಳೆ.